ನೋವಿಗೆ ಅರ್ಥ ಹೇಳುವ ಹಕ್ಕು ಯಾರದು

ಅಣ್ಣನ ಬಾಯಿಯ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆಯ ನಂತರವೂ ಮರುಕಳಿಸಿ, ಗುಣಪಡಿಸುವ ಚಿಕಿತ್ಸೆ ಇನ್ನು ಉಳಿದಿಲ್ಲವೆಂದು ಬೆಂಗಳೂರಿನ ವೈದ್ಯರು ಹೇಳಿದ ಮೇಲೆ, ಅವನನ್ನು ಸಾಗರ ತಾಲ್ಲೂಕಿನ ನಮ್ಮ ಮೂಲಮನೆಗೆ ಕರೆದುಕೊಂಡು ಬಂದೆವು. ಅಲ್ಲಿಂದ ಕೊನೆಯವರೆಗೆ ಅವನ ಆರೈಕೆಯಲ್ಲಿ ಅತ್ತಿಗೆಯ ಜೊತೆ ನಾನೂ ಇದ್ದೆ. ಪದವಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನಗೆ ದುಃಖ, ಕರ್ಮ, ಕರ್ತವ್ಯ ಮುಂತಾದ ವಿಷಯಗಳ ಮೇಲೆ ಗಂಟೆಗಟ್ಟಲೆ ಮಾತನಾಡುವ ಅಭ್ಯಾಸವಿತ್ತು. ಗಾಯಕ್ಕೆ ಡ್ರೆಸಿಂಗ್ ಮಾಡುವ ಅಭ್ಯಾಸ ಇರಲಿಲ್ಲ. ಎರಡನೆಯದನ್ನು ಕಲಿತ ಬಗೆಯನ್ನೂ, ಅದನ್ನು ಕಲಿಯುತ್ತ ಮೊದಲನೆಯದು ಏನಾಯಿತು ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸುದ್ದಿ ಹರಡಿದಂತೆ ನೋಡಲು ಬರುವವರು ಹೆಚ್ಚಿದರು. ಅವರಲ್ಲಿ ಬಹುಪಾಲು ಜನ ಜಗಲಿಯಲ್ಲಿ ಕುಳಿತು, ನೀರು ಕುಡಿದು, ದನಿ ತಗ್ಗಿಸಿ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಕವಳದ ಅಭ್ಯಾಸ ಇತ್ತಲ್ಲವಾ?” ಇತ್ತು. ಹೊಗೆಸೊಪ್ಪು ಹಾಕಿದ ಕವಳವನ್ನು, ಅಂದರೆ ಎಲೆ-ಅಡಿಕೆಯನ್ನು, ಅಣ್ಣ ಹರೆಯದಿಂದಲೂ ತಿನ್ನುತ್ತಿದ್ದ. ಕೇಳುತ್ತಿದ್ದವರಲ್ಲಿ ಕೆಲವರ ಬಾಯಲ್ಲಿ ಆ ಹೊತ್ತಿಗೂ ಅದೇ ಇರುತ್ತಿತ್ತು. ಹೊಗೆಸೊಪ್ಪು ಮಾತ್ರವಲ್ಲದೆ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಹೇಳಿದ ಮೇಲೆ, ಅಡಿಕೆಯನ್ನೇ ನಂಬಿ ಬದುಕುವ ನಮ್ಮ ಸೀಮೆಯಲ್ಲಿ ಆ ಮಾತನ್ನು ಎತ್ತುವುದೇ ಕಷ್ಟವಾಗಿದೆ. ಆದರೆ ಜಗಲಿಯ ಪ್ರಶ್ನೆ ವಿಜ್ಞಾನದ ಪ್ರಶ್ನೆಯಾಗಿರಲಿಲ್ಲ. ನನ್ನ ಅಜ್ಜಿಯ ಕಾಲದವರು ಇಂಥ ಹೊತ್ತಿನಲ್ಲಿ “ಯಾವ ಜನ್ಮದ ಕರ್ಮವೋ” ಎನ್ನುತ್ತಿದ್ದರು. ಈಗಿನವರು ಅಭ್ಯಾಸದ ಬಗ್ಗೆ ಕೇಳುತ್ತಾರೆ. ಎರಡರಲ್ಲೂ ನೋವಿಗೆ ಒಂದು ಲೆಕ್ಕ ಸಿಗುತ್ತದೆ, ಆ ಲೆಕ್ಕ ನೋವು ಪಡುವವನ ಖಾತೆಗೇ ಜಮೆಯಾಗುತ್ತದೆ, ಕೇಳಿದವನು ಸ್ವಲ್ಪ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಕಾಯಿಲೆಯ ಕಾರಣವನ್ನು ತಿಳಿಯುವುದು ವೈದ್ಯನಿಗೂ ಮುಂದಿನ ತಲೆಮಾರಿಗೂ ಬೇಕಾದದ್ದೇ. ನರಳುತ್ತಿರುವವನ ಕೋಣೆಯ ಹೊರಗೆ ಕುಳಿತು ಅದನ್ನು ನ್ಯಾಯವೆಂಬಂತೆ ಆಡುವುದು ಬೇರೆ ಸಂಗತಿ.

ಈ ವ್ಯತ್ಯಾಸವನ್ನು ನನಗಿಂತ ಬಹಳ ಮೊದಲೇ, ಬಹಳ ಕಟುವಾಗಿ ಹೇಳಿದವನು ಇಮ್ಯಾನುಯೆಲ್ ಲೆವಿನಾಸ್. 1906ರಲ್ಲಿ ಲಿಥುವೇನಿಯಾದ ಕೌನಸ್‌ನಲ್ಲಿ ಹುಟ್ಟಿ ಫ್ರಾನ್ಸಿನ ಪ್ರಜೆಯಾದ ಈ ಯಹೂದಿ ತತ್ತ್ವಜ್ಞಾನಿ ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಸೆರೆಸಿಕ್ಕು ಜರ್ಮನಿಯ ಯುದ್ಧಕೈದಿಗಳ ಶಿಬಿರದಲ್ಲಿ ವರ್ಷಗಳನ್ನು ಕಳೆದ. ಅದೇ ಸಮಯದಲ್ಲಿ ಲಿಥುವೇನಿಯಾದಲ್ಲಿದ್ದ ಅವನ ತಂದೆ, ತಾಯಿ, ತಮ್ಮಂದಿರು ಕೊಲೆಯಾದರು. 1982ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವನು, ನೋವು ತನ್ನಷ್ಟಕ್ಕೆ ನಿಷ್ಪ್ರಯೋಜಕವಾದದ್ದು, ಪಕ್ಕದವನ ನೋವನ್ನು ಸಮರ್ಥಿಸುವುದೇ ಎಲ್ಲ ಅನೀತಿಯ ಮೂಲ ಎಂಬ ನಿಲುವನ್ನು ಮುಂದಿಡುತ್ತಾನೆ. ನರಳಾಟವನ್ನು ಅವನು ಕಾಣುವುದು ನೆರವಿಗಾಗಿ ಹೊರಟ ಕರೆಯಾಗಿ. ವಿವರಣೆ ಕೊಡುವವನಿಗಿಂತ ಮೊದಲು ಅಲ್ಲಿ ಬೇಕಾಗುವವನು ಔಷಧಿ ಕೊಡುವವನು. ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ಯಾರಾದರೊಬ್ಬ ವಿದ್ಯಾರ್ಥಿ “ಹಾಗಾದರೆ ಕರ್ಮಸಿದ್ಧಾಂತ ಸುಳ್ಳೇ ಸಾರ್?” ಎಂದು ಕೇಳುತ್ತಿದ್ದ, ನಾನು ಎರಡೂ ಕಡೆಯ ವಾದಗಳನ್ನು ಸಮತೂಕವಾಗಿ ಹಲಗೆಯ ಮೇಲೆ ಬರೆಯುತ್ತಿದ್ದೆ. ಅಣ್ಣನ ಕೋಣೆಯಲ್ಲಿ ಹಲಗೆ ಇರಲಿಲ್ಲ. ಅಲ್ಲಿ ಎದುರಾದ ಮೊದಲ ಪ್ರಶ್ನೆ ಮಾರ್ಫಿನ್ ಎಲ್ಲಿ ಸಿಗುತ್ತದೆ ಎಂಬುದಾಗಿತ್ತು.

ನಮ್ಮ ದೇಶದ ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ನೋವು ತಗ್ಗಿಸುವ ಮಾರ್ಫಿನ್‌ಗೆ ಮೂಲವಾದ ಅಫೀಮು ಬೆಳೆಯುತ್ತಾರೆ. ಹಾಗಿದ್ದರೂ 1985ರ ಮಾದಕ ವಸ್ತುಗಳ ಕಾಯ್ದೆಯ ನಂತರ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಪರವಾನಗಿಗಳು ಬೇಕಾಗಿ, ಕಾಗದಪತ್ರದಲ್ಲಿ ಸಣ್ಣ ತಪ್ಪಾದರೂ ಕಠಿಣ ಶಿಕ್ಷೆಯ ಭಯವಿದ್ದುದರಿಂದ, ಆಸ್ಪತ್ರೆಗಳೂ ಔಷಧ ಅಂಗಡಿಗಳೂ ಅದರ ಗೊಡವೆಯನ್ನೇ ಬಿಟ್ಟವು. ಒಂದೆರಡು ತಲೆಮಾರಿನ ವೈದ್ಯರು ಅದನ್ನು ಬರೆದುಕೊಡುವುದನ್ನೇ ಕಲಿಯದೆ ಹೊರಬಂದರು. 2014ರ ತಿದ್ದುಪಡಿ ಈ ಗೋಜಲನ್ನು ಬಿಡಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ನೀಡಲು ದೇಶಕ್ಕೆಲ್ಲ ಒಂದೇ ಬಗೆಯ ನಿಯಮವನ್ನು ತಂದಿತು. ಕಾನೂನು ಸಡಿಲವಾದರೂ ಮಾತ್ರೆ ನಮ್ಮ ಪೇಟೆಗೆ ತಾನಾಗಿ ಬರಲಿಲ್ಲ. ವಿಚಾರಿಸಿದ ಅಂಗಡಿಗಳಲ್ಲಿ ಇಲ್ಲವೆಂದರು, ಒಬ್ಬರಂತೂ ನನ್ನನ್ನು ಅನುಮಾನದಿಂದ ನೋಡಿದರು. ಕೊನೆಗೆ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ, ಗುಣವಾಗದ ರೋಗಿಗಳ ನೋವು ತಗ್ಗಿಸುವ ಪ್ಯಾಲಿಯೇಟಿವ್ ವಿಭಾಗದಲ್ಲಿ ಸಿಕ್ಕಿತು. ಅಲ್ಲಿನ ನರ್ಸ್ ಒಬ್ಬರು ನನ್ನನ್ನೂ ಅತ್ತಿಗೆಯನ್ನೂ ಎದುರು ಕೂರಿಸಿಕೊಂಡು, ಓದು ಬಾರದವರಿಗೂ ತಿಳಿಯುವಂತೆ ಸೂರ್ಯ, ಚಂದ್ರರ ಚಿತ್ರ ಬರೆದ ಚೀಟಿಯಲ್ಲಿ ಎಲ್ಲವನ್ನೂ ಗುರುತು ಹಾಕಿ ಕೊಟ್ಟರು.

ಅವರು ಹೇಳಿಕೊಟ್ಟದ್ದರಲ್ಲಿ ಹೆಚ್ಚಿನದು ನಾವು ನಂಬಿಕೊಂಡಿದ್ದಕ್ಕೆ ಪೂರ್ತಿ ವಿರುದ್ಧವಾಗಿತ್ತು. ನೋವು ಬಂದಾಗ ಮಾತ್ರೆ ಕೊಡುವುದೆಂಬುದು ನಮ್ಮ ರೂಢಿ. ಅವರು ಹೇಳಿದ್ದು ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ, ನೋವು ಮರಳುವ ಮೊದಲೇ ಕೊಡಬೇಕೆಂದು. ನಡುರಾತ್ರಿ ಎಬ್ಬಿಸುವುದು ತಪ್ಪಲೆಂದು ಮಲಗುವಾಗ ಎರಡರಷ್ಟು. ನಡುವೆ ನೋವು ತಲೆಯೆತ್ತಿದರೆ ಅದೇ ಪ್ರಮಾಣದ ಇನ್ನೊಂದು, ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಮಾರ್ಫಿನ್ ಶುರುವಾದ ದಿನದಿಂದಲೇ ಮಲಬದ್ಧತೆಗೆ ಔಷಧಿ ತಪ್ಪದೆ ಕೊಡಬೇಕು, ಏಕೆಂದರೆ ಮೊದಲ ದಿನಗಳ ವಾಂತಿ ಮತ್ತು ಮಂಪರು ಸಾಮಾನ್ಯವಾಗಿ ಇಳಿಯುತ್ತವೆ, ಮಲಬದ್ಧತೆ ಇಳಿಯುವುದಿಲ್ಲ. “ಇದಕ್ಕೆ ಚಟ ಬೀಳುವುದಿಲ್ಲವೇ?” ಎಂದು ಅತ್ತಿಗೆ ಕೇಳಿದರು. ನೋವಿಗಾಗಿ, ಸರಿಯಾದ ಅಳತೆಯಲ್ಲಿ ಕೊಟ್ಟಾಗ ಅದು ತೀರ ಅಪರೂಪ ಎಂದು ನರ್ಸ್ ಉತ್ತರಿಸಿದರು. 10 ಮಿಲಿಗ್ರಾಂ ಮಾತ್ರೆಯಿಂದ ಆರಂಭವಾಯಿತು. ನುಂಗುವುದು ಕಷ್ಟವಾದ ಮೇಲೆ ಅದನ್ನು ಪುಡಿಮಾಡಿ, ನೀರಿನಲ್ಲಿ ಕದಡಿ, ಮೂಗಿನ ಮೂಲಕ ಹೊಟ್ಟೆಗೆ ಹಾಕಿದ್ದ ನಳಿಗೆಯಲ್ಲಿ ಬಿಡುತ್ತಿದ್ದೆವು.

ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ನೋವನ್ನು ಹೇಳುವ ಪದ್ಧತಿ ಅಣ್ಣನಿಗೆ ರುಚಿಸಲಿಲ್ಲ. ನಾಲಿಗೆಯ ಒಂದು ಭಾಗವನ್ನು ತೆಗೆದಿದ್ದರಿಂದ ಅವನ ಮಾತು ನಮಗೇ ಅರ್ಧಂಬರ್ಧ ತಿಳಿಯುತ್ತಿತ್ತು. ಹೆಚ್ಚಿನದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದ. “ಎಷ್ಟು ನೋವು?” ಎಂದರೆ “ತೋಟದ ಬೇಣದವರೆಗೆ ಹೋಗಬಲ್ಲೆ” ಎಂದೋ, “ಅಂಗಳ ಸಾಕು” ಎಂದೋ ಬರೆಯುತ್ತಿದ್ದ. ನಾವು ಆ ದೂರಗಳನ್ನೇ ಅಂಕಿಯಾಗಿ ಬದಲಿಸಿ ಶಿವಮೊಗ್ಗಕ್ಕೆ ಫೋನಿನಲ್ಲಿ ಹೇಳಿದೆವು, ಅವರು ಪ್ರಮಾಣ ಏರಿಸಿದರು. ನೋವು ಹಿಡಿತಕ್ಕೆ ಬಂದ ವಾರ ಅವನು ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಹಿಂದೆ ತೋಟ ಸುತ್ತಿ, ಕೊಳೆರೋಗಕ್ಕೆ ಈ ಬಾರಿ ಬೋರ್ಡೋ ದ್ರಾವಣ ತಡವಾಗಿ ಹೊಡೆದಿರಿ ಎಂದು ನನ್ನನ್ನು ಬೈಯುವ ಚೀಟಿ ಬರೆದ. ಮಾತ್ರೆ ಅವನಿಗೆ ಮರಳಿಸಿದ್ದು ಇಂಥದ್ದನ್ನು. ಮಾರ್ಫಿನ್ ಎಂದರೆ ಪ್ರಜ್ಞೆ ತಪ್ಪಿಸಿ ಮಲಗಿಸುವ ಮದ್ದು ಎಂದು ತಿಳಿದಿದ್ದ ನೆಂಟರಿಗೆ ಇದನ್ನು ನಂಬಿಸಲು ನನ್ನಿಂದ ಆಗಲೇ ಇಲ್ಲ.

ಆದರೂ ರಾತ್ರಿಯ ಹೆಚ್ಚುವರಿ ಮಾತ್ರೆಗಳು ನಿಲ್ಲಲಿಲ್ಲ. ಹಗಲಿಗೆ ಸಾಕಾಗುವ ಪ್ರಮಾಣ ರಾತ್ರಿಗೆ ಏಕೆ ಸಾಲದೆಂದು ಕೇಳಿದಾಗ, ವೈದ್ಯರು ನಮ್ಮನ್ನೇ ಮರಳಿ ಕೇಳಿದರು: ರಾತ್ರಿ ಅವರು ಏನನ್ನು ಯೋಚಿಸುತ್ತಾರೆ? 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಸಾವಿನ ಹತ್ತಿರವಿರುವವರ ಆರೈಕೆಯ ಮನೆಯನ್ನು ಆರಂಭಿಸಿದ ಸಿಸಿಲಿ ಸಾಂಡರ್ಸ್ ನೋವನ್ನು ದೇಹ, ಮನಸ್ಸು, ಸಂಸಾರ, ನಂಬಿಕೆ ಎಲ್ಲವೂ ಸೇರಿದ ಒಂದೇ ಸಮಗ್ರ ನೋವಾಗಿ ನೋಡಬೇಕೆಂದರು. ಆಕೆ ಮೊದಲು ನರ್ಸ್ ಆಗಿ, ಆಮೇಲೆ ಆಸ್ಪತ್ರೆಯ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ತರಬೇತಿ ಪಡೆದವರು. ಮಂಚದ ಮೂರೂ ಬದಿಗಳಲ್ಲಿ ನಿಂತವರಿಗೆ ಮಾತ್ರ ಹೊಳೆಯಬಹುದಾದ ಮಾತು ಅದು. ಅಣ್ಣನನ್ನು ಕಾಡುತ್ತಿದ್ದದ್ದು ಸೊಸೈಟಿಯ ಬೆಳೆಸಾಲ ಮತ್ತು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ತೋಟ ಮಾರುತ್ತಾನೆಯೋ ಎಂಬ ಸಂಶಯ. ಮಗ ಬಂದು ಎದುರು ಕುಳಿತ. ತಾನು ಊರಿಗೆ ವಾಪಸು ಬಂದು ಬೇಸಾಯ ಮಾಡುವುದಿಲ್ಲವೆಂಬುದನ್ನು ಮುಚ್ಚಿಡದೆ ಹೇಳಿದ. ಅಮ್ಮ ಇರುವವರೆಗೆ ಮಾರುವುದಿಲ್ಲ, ಸಾಲದ ಕಂತು ತನ್ನದು ಎಂದೂ ಹೇಳಿದ. ಅಣ್ಣ ಬಹಳ ಹೊತ್ತು ಏನೂ ಬರೆಯಲಿಲ್ಲ, ಕೊನೆಗೆ “ಸರಿ” ಎಂದಷ್ಟೇ ಬರೆದ. ಗೆಡ್ಡೆ ಬೆಳೆಯುತ್ತಲೇ ಇತ್ತು, ಆದರೆ ನಮ್ಮ ಪುಸ್ತಕದಲ್ಲಿ ರಾತ್ರಿಯ ಹೆಚ್ಚುವರಿ ಮಾತ್ರೆಗಳ ಗುರುತುಗಳು ವಿರಳವಾದವು.

ತನ್ನ ಅಭ್ಯಾಸದ ಬಗ್ಗೆ ಅವನೇ ಒಮ್ಮೆ ಬರೆದ: “ತಿಂದದ್ದು ನಾನೇ. ಅದನ್ನು ನಾನು ಹೇಳಬಹುದು. ಅವರು ಹೇಳಬಾರದು.” ಜಗಲಿಯ ಮಾತುಗಳು ಅವನ ಕಿವಿಗೆ ಬಿದ್ದಿದ್ದವೆಂದು ನಮಗೆ ಗೊತ್ತಾದದ್ದು ಆಗಲೇ. ಲೆವಿನಾಸ್‌ನ ವಾದದಲ್ಲಿ ನನ್ನ ನೋವಿಗೂ ಇನ್ನೊಬ್ಬನ ನೋವಿಗೂ ನಡುವೆ ಇರುವ ಅಸಮಾನತೆಯನ್ನು ನಾನು ವಿದ್ಯಾರ್ಥಿಗಳಿಗೆ ಎಷ್ಟು ಬಗೆಯಲ್ಲಿ ವಿವರಿಸಿದ್ದೆನೋ, ಅಷ್ಟೂ ಈ ಮೂರು ಪುಟ್ಟ ವಾಕ್ಯಗಳಲ್ಲಿದ್ದವು. ನನಗೆ ಬಂದ ನೋವನ್ನು ಪ್ರಾಯಶ್ಚಿತ್ತವೆಂದೋ, ಪಾಠವೆಂದೋ, ದೇವರ ಪರೀಕ್ಷೆಯೆಂದೋ ಕರೆದುಕೊಳ್ಳುವ ಸ್ವಾತಂತ್ರ್ಯ ನನಗಿದೆ, ಅದರಿಂದ ಬಲ ಬರುವುದೂ ಉಂಟು. ಅದೇ ಹೆಸರನ್ನು ಪಕ್ಕದವನ ನೋವಿಗೆ ಹಚ್ಚಲು ಹೊರಟರೆ, ನಾನು ಅವನಿಗೆ ಮಾಡಬೇಕಾದದ್ದರಿಂದ ಅಷ್ಟರಮಟ್ಟಿಗೆ ತಪ್ಪಿಸಿಕೊಂಡೆನೆಂದೇ ಅರ್ಥ.

ಮುಂದಿನ ಹಂತ ಗಾಯದ್ದು. ಕೆನ್ನೆಯ ಚರ್ಮವನ್ನು ಸೀಳಿಕೊಂಡು ಗೆಡ್ಡೆ ಹೊರಬಂದ ಮೇಲೆ ಮನೆಯೊಳಗೆ ವಾಸನೆ ತುಂಬಿತು. ಬರುವವರು ಕಡಿಮೆಯಾದರು, ಬಂದವರೂ ಬಾಗಿಲಲ್ಲೇ ನಿಂತು ಹೋದರು. ಮೊಮ್ಮಗುವನ್ನು ಕರೆತರಬೇಡಿರೆಂದು ಅಣ್ಣನೇ ಬರೆದುಕೊಟ್ಟ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ತೊಳೆಯುವುದು, ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಗಾಯದ ಮೇಲೆ ಉದುರಿಸುವುದು, ಹಳೆಯ ಬಟ್ಟೆಯನ್ನು ಒಗೆದು, ಆವಿಯಲ್ಲಿ ಬೇಯಿಸಿ, ಒಣಗಿಸಿ ಪಟ್ಟಿ ಮಾಡುವುದು, ಅಂಟಿದ ಪಟ್ಟಿಯನ್ನು ನೀರು ಹನಿಸಿ ನೆನೆಸಿಯೇ ಬಿಡಿಸುವುದು, ನೊಣ ಕೂರದಂತೆ ಸೊಳ್ಳೆಪರದೆ ಕಟ್ಟುವುದು: ಇಷ್ಟರಿಂದಲೇ ವಾಸನೆ ಕೆಲವು ದಿನಗಳಲ್ಲಿ ಕಾಣುವಷ್ಟು ಇಳಿಯಿತು. ಇಂಥ ಅಗ್ಗದ, ಸರಳವಾದ ಉಪಾಯವೊಂದಿದೆ ಎಂಬುದನ್ನು ನಮಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಸೂಚನೆ ಕೇಳುವಾಗ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಗೆಡ್ಡೆ ಕುತ್ತಿಗೆಯ ದೊಡ್ಡ ರಕ್ತನಾಳದ ಹತ್ತಿರವಿರುವುದರಿಂದ ಅದು ಒಡೆಯುವ ಸಾಧ್ಯತೆ ಇದೆ. ಹಾಗಾದರೆ ಆಸ್ಪತ್ರೆಗೆ ಓಡಬೇಡಿ, ಅಷ್ಟು ಸಮಯವಿರುವುದಿಲ್ಲ. ಕಡುಬಣ್ಣದ ಟವೆಲ್‌ಗಳನ್ನು ಮಂಚದ ಹತ್ತಿರವೇ ಇಟ್ಟುಕೊಳ್ಳಿ, ಬಿಳಿ ಬಟ್ಟೆಯ ಮೇಲಿನ ರಕ್ತ ನೋಡಿದರೆ ಅವರೂ ಹೆದರುತ್ತಾರೆ, ನೀವೂ ಹೆದರುತ್ತೀರಿ. ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಳ್ಳಿ ಎಂದರು ನರ್ಸ್. ಪೇಟೆಯಿಂದ ಕಡುಕೆಂಪು ಟವೆಲ್‌ಗಳನ್ನು ತಂದು ಮಡಚಿಟ್ಟೆವು. ಅವುಗಳ ಅಗತ್ಯ ಬೀಳಲಿಲ್ಲ. ಏನು ಮಾಡಬೇಕೆಂದು ಮೊದಲೇ ಗೊತ್ತಿದ್ದುದರಿಂದಲೇ ಅತ್ತಿಗೆ ಆ ರಾತ್ರಿಗಳಲ್ಲಿ ನಿದ್ದೆ ಮಾಡಿದರು ಎಂದು ನನ್ನ ಅಂದಾಜು.

ಲೆವಿನಾಸ್‌ನನ್ನು ಓದಿದವರಿಗೆ ಅವನ ಚಿಂತನೆಯ ಕೇಂದ್ರದಲ್ಲಿ ‘ಮುಖ’ ಇರುವುದು ಗೊತ್ತು. ಇನ್ನೊಬ್ಬನ ಮುಖ ನನ್ನೆದುರು ನಿಂತು, ನನ್ನನ್ನು ಕೊಲ್ಲಬೇಡ, ಒಂಟಿಯಾಗಿ ಸಾಯಲು ಬಿಡಬೇಡ ಎಂದು ಆಜ್ಞಾಪಿಸುತ್ತದೆ. ಆದರೆ ಆ ಮುಖ ಮೂಗು, ಹಣೆ, ಗಲ್ಲಗಳ ಒಟ್ಟು ಮೊತ್ತವಲ್ಲ. ಎದುರಿನವನ ಕಣ್ಣಿನ ಬಣ್ಣವನ್ನೂ ಗಮನಿಸದಿರುವುದೇ ಅವನನ್ನು ಭೇಟಿಯಾಗುವ ಅತ್ಯುತ್ತಮ ರೀತಿ ಎಂದು ಅವನು ಒಂದು ಸಂದರ್ಶನದಲ್ಲಿ ಹೇಳಿದ್ದಾನೆ. ಮುಖವೇ ಕರಗುತ್ತಿದ್ದ ಮನುಷ್ಯನೆದುರು ಈ ಮಾತಿನ ಅರ್ಧ ನನಗೆ ಆಸರೆಯಾಯಿತು. ರೂಪ ಅಳಿದರೂ ಅಣ್ಣ ಅಳಿದಿರಲಿಲ್ಲ. ಅವನು ಕನ್ನಡಿ ಕೇಳಿದಾಗ ನಾವು ಹಿಂಜರಿಯದೆ ಕೊಟ್ಟೆವು, ಅವನು ನೋಡಿಕೊಂಡು ಗಡ್ಡ ಇಳಿಸಿರೆಂದು ಸನ್ನೆ ಮಾಡಿದ. ಉಳಿದ ಅರ್ಧವನ್ನು ಮಾತ್ರ ನಾನು ಒಪ್ಪಲಾರೆ. ಆರೈಕೆ ಮಾಡುವವನು ಬಣ್ಣವನ್ನು ಗಮನಿಸಲೇಬೇಕು. ಕೀವು ಹಳದಿಯೋ ಹಸಿರೋ, ಗಾಯದ ಅಂಚು ಕಪ್ಪಾಗುತ್ತಿದೆಯೇ, ಪಟ್ಟಿಯ ಮೇಲೆ ಹೊಸ ರಕ್ತವಿದೆಯೇ, ಬೆನ್ನಿನ ಕೆಳಗೆ ಚರ್ಮ ಕೆಂಪಾಗಿ ಹಾಸಿಗೆಹುಣ್ಣಿನ ಸೂಚನೆ ಕಂಡಿತೇ, ಇವೆಲ್ಲವನ್ನೂ ದಿನವೂ ಮುಖಕ್ಕೆ ಮುಖ ಹತ್ತಿರ ತಂದು ನೋಡಬೇಕು. ತತ್ತ್ವಜ್ಞಾನಿ ದೂರವಿಡುವ ಈ ನೋಟ ನರ್ಸಿನ ಕೆಲಸದಲ್ಲಿ ಜವಾಬ್ದಾರಿಯ ಮೊದಲ ಮೆಟ್ಟಿಲು.

ಈ ವಿಷಯದಲ್ಲಿ ನನಗೆ ಹೆಚ್ಚು ಹತ್ತಿರವಾದದ್ದು ಬೌದ್ಧ ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಒಂದು ಪ್ರಸಂಗ. ಆಮಶಂಕೆಯಿಂದ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧ ಕಾಣುತ್ತಾನೆ. ನಿನ್ನನ್ನು ನೋಡಿಕೊಳ್ಳುವವರಿಲ್ಲವೇ ಎಂದರೆ, ತಾನು ಸಂಘದವರಿಗೆ ಏನೂ ಮಾಡಿಕೊಡುವುದಿಲ್ಲ, ಹಾಗಾಗಿ ಯಾರೂ ನೋಡಿಕೊಳ್ಳುವುದಿಲ್ಲ ಎಂದು ಅವನು ಉತ್ತರಿಸುತ್ತಾನೆ. ಬುದ್ಧ ಶಿಷ್ಯ ಆನಂದನಿಂದ ನೀರು ತರಿಸಿ, ತಾನು ನೀರು ಹೊಯ್ದು, ಆನಂದ ತೊಳೆದು, ಇಬ್ಬರೂ ಸೇರಿ ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಕರೆದು, ನನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎನ್ನುತ್ತಾನೆ. ದುಃಖವನ್ನೇ ಮೊದಲ ಆರ್ಯಸತ್ಯವಾಗಿ ಬೋಧಿಸಿದವನು ಆ ಮಂಚದ ಬಳಿ ದುಃಖದ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ನೀರು ತರುವುದು ಮೊದಲು, ಸಂಘದ ನಿಯಮ ಆಮೇಲೆ.

ಆ ಕ್ರಮ ನಮ್ಮ ಮನೆಯಲ್ಲೂ ಅಗತ್ಯವಾಯಿತು, ಏಕೆಂದರೆ ನೀರು ತರುವವರು ದಣಿಯುತ್ತಿದ್ದರು. ಹಗಲಿರುಳು ಎತ್ತಿ ಇಳಿಸುವ ಕೆಲಸ ಅತ್ತಿಗೆಯ ಸೊಂಟಕ್ಕೆ ಬಂತು. ಏಜೆನ್ಸಿಯೊಂದರ ಮೂಲಕ ಹಾವೇರಿ ಕಡೆಯ ಹುಡುಗನೊಬ್ಬನನ್ನು ಹೋಮ್ ನರ್ಸ್ ಆಗಿ ಕರೆಸಿದೆವು. ಅಣ್ಣನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರಲ್ಲಿ, ಗಾಳಿಹಾಸಿಗೆಯನ್ನು ಹದವಾಗಿಡುವುದರಲ್ಲಿ, ನಳಿಗೆಯ ಊಟ ಕೊಡುವಾಗ ತಲೆ ಎತ್ತರಿಸಿ ಹಿಡಿಯುವುದರಲ್ಲಿ ಅವನಷ್ಟು ಮೃದುವಾದ ಕೈ ನನ್ನದಾಗಲಿಲ್ಲ. ಒಂದು ರಾತ್ರಿ ಅವನು ಹಿತ್ತಿಲಲ್ಲಿ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದದ್ದು ಕೇಳಿಸಿತು. ಊರಿನಲ್ಲಿ ಪಾರ್ಶ್ವವಾಯುವಿನಿಂದ ಮಲಗಿದ್ದ ಅವನ ಅಪ್ಪನನ್ನು ಮಗ್ಗುಲು ಮಾಡಲು ಶಾಲೆಗೆ ಹೋಗುವ ತಂಗಿಗೆ ಅವನು ಹೇಳಿಕೊಡುತ್ತಿದ್ದ. ನನ್ನ ಅಣ್ಣನ ಮುಖ ನನ್ನಿಂದ ಎಲ್ಲವನ್ನೂ ಕೇಳುತ್ತದೆ ಎಂದು ನಾನು ಹೇಳಿಕೊಳ್ಳುತ್ತಿದ್ದಾಗ, ಆ ‘ಎಲ್ಲವನ್ನೂ’ ಕೊಡುತ್ತಿದ್ದವನು ಇನ್ನೊಬ್ಬನ ಮಗನಾಗಿದ್ದ. ಜಗತ್ತಿನಲ್ಲಿ ನಾವಿಬ್ಬರೇ ಇದ್ದಿದ್ದರೆ ಹೊಣೆಗೆ ಮಿತಿ ಇರುತ್ತಿರಲಿಲ್ಲ, ಮೂರನೆಯವನು ಬಂದ ಕೂಡಲೇ ಅಳೆಯುವುದು, ಹೋಲಿಸುವುದು, ನ್ಯಾಯವೆಂಬುದು ಬೇಕಾಗುತ್ತದೆ ಎಂದು ಲೆವಿನಾಸ್ ಒಪ್ಪಿಕೊಳ್ಳುತ್ತಾನೆ. ನಮ್ಮ ಮಟ್ಟಿಗೆ ಆ ನ್ಯಾಯ ಚಿಕ್ಕದಾಗಿತ್ತು: ವಾರಕ್ಕೊಂದು ಪೂರ್ತಿ ರಜೆ, ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಖರ್ಚು, ಏಜೆನ್ಸಿ ಹಿಡಿದುಕೊಳ್ಳುವ ಪಾಲನ್ನು ನಾವು ತುಂಬಿಕೊಡುವುದು. ಅವನಿಲ್ಲದ ರಾತ್ರಿಗಳಲ್ಲಿ ನಾನೂ ಅಣ್ಣನ ಮಗನೂ ಸರದಿ ಮಾಡಿಕೊಂಡೆವು. ಆ ಹುಡುಗನ ಅಪ್ಪನಿಗೆ ಮಾತ್ರ ನಾವು ಏನೂ ಆಗಲಿಲ್ಲ.

ಇದು ಮನೆಮನೆಯ ಒಳ್ಳೆಯತನಕ್ಕೆ ಬಿಡುವ ಸಂಗತಿಯಲ್ಲವೆಂದು ಕೇರಳದವರು ಬಹಳ ಹಿಂದೆಯೇ ಕಂಡುಕೊಂಡರು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಕಟ್ಟಿದ ಸಂಸ್ಥೆಯಿಂದ ಬೆಳೆದ ಚಳವಳಿ, ನೆರೆಹೊರೆಯ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಹಾಸಿಗೆ ಹಿಡಿದವರ ಮನೆಗೆ ಕಳುಹಿಸುವ ಜಾಲವಾಯಿತು. 2008ರಲ್ಲಿ ಆ ರಾಜ್ಯ ಇದಕ್ಕಾಗಿಯೇ ಒಂದು ನೀತಿಯನ್ನು ತಂದು ಪಂಚಾಯಿತಿಗಳನ್ನೂ ಹೊಣೆಗಾರರನ್ನಾಗಿ ಮಾಡಿತು. ನಮ್ಮ ಹಳ್ಳಿಯ ಸುತ್ತ ಅಂಥದ್ದೇನೂ ಇರಲಿಲ್ಲ. ಮದುವೆಗೆ ಚಪ್ಪರ ಹಾಕಲು, ಸತ್ತಾಗ ಹೊರಲು ಕರೆಯದೆ ಬರುವ ಊರಿನಲ್ಲಿ ಸಾಯುತ್ತಿರುವವನ ಬಳಿ ಒಂದು ರಾತ್ರಿ ಕುಳಿತುಕೊಳ್ಳುವ ಸಂಪ್ರದಾಯ ಏಕೆ ಬೆಳೆಯಲಿಲ್ಲವೆಂದು ನಾನು ಈಗಲೂ ಯೋಚಿಸುತ್ತೇನೆ. ವಾಸನೆ, ಭಯ, ಮೈಲಿಗೆ ಎಂಬ ಉತ್ತರಗಳು ಸಾಲುವುದಿಲ್ಲ. ಏನು ಮಾಡಬೇಕೆಂದು ಗೊತ್ತಿಲ್ಲದವನು ಮಾತನಾಡುತ್ತಾನೆ, ಆ ಮಾತು ಕಾರಣ ಹುಡುಕುತ್ತದೆ. ಜಗಲಿಯ ಜನರ ಕೈಗೆ ಒಂದು ಕೆಲಸ ಸಿಕ್ಕಿದ್ದರೆ ಅವರಲ್ಲಿ ಅರ್ಧದಷ್ಟಾದರೂ ಮಂದಿ ಒಳಗೆ ಬರುತ್ತಿದ್ದರು ಎಂದು ನನಗನ್ನಿಸುತ್ತದೆ.

ಕೊನೆಗಾಲದ ಚಿಕಿತ್ಸೆಯ ಬಗೆಗಿನ ಇಚ್ಛಾಪತ್ರದ ಕೆಲಸ ಬೇಗ ಮುಗಿಯಿತು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದನ್ನು ಹಕ್ಕೆಂದು ಒಪ್ಪಿ, ಕೃತಕ ಜೀವರಕ್ಷಣೆ ಬೇಡವೆಂದು ಮುಂಚಿತವಾಗಿ ಬರೆದಿಡಲು ಅವಕಾಶ ಕೊಟ್ಟಿತಾದರೂ, ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ನಿಯಮದಿಂದ ಅದು ಕಾಗದದ ಮೇಲೆಯೇ ಉಳಿದಿತ್ತು. 2023ರ ಜನವರಿಯ ಆದೇಶ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಇಬ್ಬರು ಸಾಕ್ಷಿಗಳೊಂದಿಗೆ ಸಹಿ ಮಾಡಿದರೆ ಸಾಕೆಂದಿತು. ಅಣ್ಣ ವೆಂಟಿಲೇಟರ್ ಬೇಡ, ಐಸಿಯು ಬೇಡ, ನೋವಿನ ಮಾತ್ರೆ ಮಾತ್ರ ನಿಲ್ಲಿಸಬಾರದು ಎಂದು ತಾನೇ ಬರೆದ. ನೆಂಟರಲ್ಲಿ ಕೆಲವರು ಇದನ್ನು ಕೈಚೆಲ್ಲುವುದೆಂದರು. ಕೊನೆಯ ವಾರದಲ್ಲಿ ಉಸಿರು ಗೊರಗೊರ ಎನ್ನತೊಡಗಿದಾಗ ಆಂಬುಲೆನ್ಸ್ ಕರೆಯಿರೆಂದು ಒತ್ತಾಯಿಸಿದವರಿಗೆ ಅತ್ತಿಗೆ ಆ ಹಾಳೆಯನ್ನು ತೋರಿಸಿದರು, ಬೇರೆ ವಾದ ಮಾಡಲಿಲ್ಲ. ಅವನು ಮನೆಯಲ್ಲಿಯೇ, ಮಗ ಮತ್ತು ಹೆಂಡತಿ ಪಕ್ಕದಲ್ಲಿರುವಾಗ ತೀರಿಕೊಂಡ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಉಳಿದ ಮಾರ್ಫಿನ್ ಮಾತ್ರೆಗಳನ್ನು ಶಿವಮೊಗ್ಗಕ್ಕೆ ಹಿಂದಿರುಗಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಬಂದೆ. ಗಾಳಿಹಾಸಿಗೆಯನ್ನು ಅವರೇ ಇನ್ನೊಬ್ಬರಿಗೆ ಕೊಡುವುದಾಗಿ ಇಟ್ಟುಕೊಂಡರು. ಈಗ ಜಗಲಿಗೆ ಬರುವವರು ಅತ್ತಿಗೆಗೆ “ನಿಮ್ಮ ಸೇವೆಯ ಪುಣ್ಯ ಏಳು ಜನ್ಮಕ್ಕಾಗುತ್ತದೆ” ಎನ್ನುತ್ತಾರೆ. ಕವಳದ ಪ್ರಶ್ನೆಯನ್ನು ಕೇಳಿದ ಬಾಯಿಗಳೇ ಇವು, ಈ ಬಾರಿ ಲೆಕ್ಕ ಮಾತ್ರ ಸಿಹಿಯಾಗಿದೆ. ಅತ್ತಿಗೆಯ ಸೊಂಟದ ಡಿಸ್ಕ್ ಜರುಗಿದೆ, ರಾತ್ರಿ ಎರಡು ಗಂಟೆಗೊಮ್ಮೆ ಎಚ್ಚರವಾಗುವುದು ಇನ್ನೂ ನಿಂತಿಲ್ಲ. ಕಳೆದ ಸಲ ಒಬ್ಬರು ಪುಣ್ಯದ ಮಾತೆತ್ತಿದಾಗ ಅವರು, “ಅದಿರಲಿ, ಸೋಮವಾರ ಫಿಸಿಯೋಥೆರಪಿಗೆ ಪೇಟೆಗೆ ಹೋಗಬೇಕು, ನಿಮ್ಮ ಕಾರಿನಲ್ಲಿ ಬಿಡುತ್ತೀರಾ?” ಎಂದು ಕೇಳಿದರು. ಅವರು ಬಿಟ್ಟರು. ಈಗ ಪ್ರತಿ ಸೋಮವಾರ ಬಿಡುತ್ತಿದ್ದಾರೆ.